ಕಣದ ಬಿಸಿಲು, ಎಲೆಯ ಬಿಸಿಲು

ಕಳೆದ ತಿಂಗಳು ಈ ಪುಟದಲ್ಲಿ ಬೇಸಿಗೆಯ ಮಧ್ಯಾಹ್ನ ಕಾಫಿ ಎಲೆ ಜೋತುಬೀಳುವುದರ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿವೆ: ಎಲೆ ಬಿಸಿಲನ್ನು ಇಟ್ಟುಕೊಂಡು ಮಾಡುವುದಾದರೂ ಏನು? ಹಾಗಾಗಿ ಹಾವಿನ ಪ್ರಶ್ನೆ, ಜಿಗಣೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಮಾದಾಪುರದ ಹತ್ತಿರ ನಮ್ಮ ನಾಲ್ಕು ಎಕರೆಯ ಕೊಯ್ಲು ಮುಗಿದು ಕಣದಲ್ಲಿ ಕೊನೆಯ ಚೆರ್ರಿ ಒಣಗುತ್ತಿದೆ. ಅದನ್ನು ಕಾಯುತ್ತ ಕೂತು ಬರೆದ ಉತ್ತರಗಳಿವು. ನಡುನಡುವೆ ಎದ್ದುಹೋಗಿ ಕಾಫಿ ತಿರುವಿ ಬಂದಿದ್ದೇನೆ. ಎಲ್ಲಾದರೂ ಮಾತು ತುಂಡಾಗಿ ಕಂಡರೆ ಅದೇ ಕಾರಣ.

ಪ್ರಶ್ನೆ: ಸಿಲ್ವರ್ ಓಕ್ ಮರ ಮಣ್ಣು ತಿಂದು ದೊಡ್ಡದಾಗುತ್ತದೆ ಅಂತ ನಮ್ಮ ತಾತ ಹೇಳಿದರು. ಹಾಗಿದ್ರೆ ಅದರ ಬುಡದಲ್ಲಿ ಗುಂಡಿ ಯಾಕೆ ಆಗಿಲ್ಲ?
(6ನೇ ತರಗತಿಯ ಹುಡುಗಿ, ಕುಶಾಲನಗರ)

ಉತ್ತರ: ಮರೀ, ನಿನ್ನ ಪ್ರಶ್ನೆಯನ್ನು ಎರಡು ಸಲ ಓದಿದೆ. ಸುಮಾರು ನಾನೂರು ವರ್ಷದ ಹಿಂದೆ ಈಗಿನ ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ ಎಂಬ ವೈದ್ಯರಿಗೂ ಇದೇ ಅನುಮಾನ ಬಂದಿತ್ತು. ಅವರು ಸುಮಾರು 90 ಕಿಲೋ ಒಣಮಣ್ಣನ್ನು ತೂಗಿ ದೊಡ್ಡ ಕುಂಡಕ್ಕೆ ಹಾಕಿ, ಎರಡು ಕಿಲೋ ಚಿಲ್ಲರೆ ತೂಕದ ಒಂದು ವಿಲೋ ಸಸಿ ನೆಟ್ಟರು. ಐದು ವರ್ಷ ನೀರು ಬಿಟ್ಟರೆ ಬೇರೇನೂ ಕೊಡಲಿಲ್ಲ. ಆಮೇಲೆ ಕಿತ್ತು ತೂಗಿದರೆ ಮರ ಸುಮಾರು 77 ಕಿಲೋ! ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದದ್ದು 60 ಗ್ರಾಂಗಿಂತಲೂ ಕಮ್ಮಿ. ಒಂದು ಹಿಡಿ. ಗುಂಡಿ ಯಾಕೆ ಬೀಳುವುದಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಆದರೆ ಹೆಲ್ಮಾಂಟ್ ಅವರು ಅರ್ಧ ದಾರಿಯಲ್ಲಿ ಎಡವಿದರು. ಮಣ್ಣಲ್ಲ ಅಂದಮೇಲೆ ಮರವೆಲ್ಲ ನೀರಿನಿಂದಲೇ ಆಗಿದ್ದು ಅಂತ ತೀರ್ಮಾನಿಸಿಬಿಟ್ಟರು. ಗಾಳಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಅದು ಪೂರ್ತಿ ಬಂದಿರುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ. ಗಾಳಿಯಲ್ಲಿ ಅದು ಇರುವುದೇ ಸಾವಿರಕ್ಕೆ ಅರ್ಧ ಪಾಲಿಗಿಂತ ಕಮ್ಮಿ. ಅಷ್ಟರಲ್ಲೇ ಹೆಕ್ಕಿ ಹೆಕ್ಕಿ ನಿಮ್ಮ ಓಕ್ ಮರ ಆ ಎತ್ತರಕ್ಕೆ ಹೋಗಿದೆ.

ಮನೆಯಲ್ಲಿ ಬಚ್ಚಲೊಲೆ ಇದ್ದರೆ ಒಂದು ಕೆಲಸ ಮಾಡು. ಒಂದು ವಾರ ಎಷ್ಟು ಸೌದೆ ಉರಿಸಿದಿರಿ ನೋಡು, ಕೊನೆಗೆ ಎಷ್ಟು ಬೂದಿ ಉಳಿಯಿತು ನೋಡು. ಆ ಬೂದಿ ಮಣ್ಣಿನಿಂದ ಬಂದ ಪಾಲು. ಉಳಿದದ್ದು ಗಾಳಿಯಿಂದ, ನೀರಿನಿಂದ ಬಂದಿತ್ತು. ಉರಿದು ಹೊಗೆಗೂಡಿನ ದಾರಿಯಲ್ಲಿ ಮತ್ತೆ ಗಾಳಿಗೇ ಹೋಯಿತು. ನೀರು ಕಾಯಿಸಿದ ಬಿಸಿ ಮಾತ್ರ ಹಳೇ ಬಿಸಿಲು. ತಾತನಿಗೂ ಬೂದಿ ತೋರಿಸು, ಆದರೆ ಜೋರಾಗಿ ವಾದ ಮಾಡಬೇಡ. ಅವರು ಹೇಳಿದ್ದರಲ್ಲಿ ಒಂದು ಹಿಡಿಯಷ್ಟು ನಿಜ ಇದೆ.

ಪ್ರಶ್ನೆ: ಟೀಚರ್, ದ್ಯುತಿಸಂಶ್ಲೇಷಣೆಯಲ್ಲಿ ಬೆಳಕಿನ ಶಕ್ತಿ ರಾಸಾಯನಿಕ ಶಕ್ತಿಯಾಗಿ ಪರಿವರ್ತನೆಯಾಗುತ್ತದೆ ಅಂತ ಬರೆದರೆ ಎರಡು ಮಾರ್ಕ್ಸ್ ಬರುತ್ತದೆ. ಆದರೆ 'ಪರಿವರ್ತನೆ' ಅಂದರೆ ಅಲ್ಲಿ ನಿಜಕ್ಕೂ ಏನಾಗುತ್ತದೆ? ಕೇಳಿದರೆ ಸಮೀಕರಣ ಬರೆದು ತೋರಿಸುತ್ತಾರೆ.
(ಪಿಯುಸಿ ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ಸಮೀಕರಣ ಬರೆದು ತೋರಿಸಿದವರಲ್ಲಿ ನಾನೂ ಒಬ್ಬಳು ಮಾರಾಯ. 31 ವರ್ಷ 'ಎಲೆ ಗಿಡದ ಅಡುಗೆಮನೆ' ಅಂತಲೇ ಪಾಠ ಮಾಡಿದೆ. ಅದು ತಪ್ಪು ಹೋಲಿಕೆ ಅಂತ ನಿವೃತ್ತಿಯಾದ ಮೇಲೆ, ಇದೇ ಕಣದ ಬದಿಯಲ್ಲಿ ಕೂತಾಗ ಹೊಳೆಯಿತು. ಅಡುಗೆಮನೆ ಅಂದ ಕೂಡಲೇ ಬಿಸಿಲು ಬೆಂಕಿಯ ಜಾಗಕ್ಕೆ ಬಂದು ಕೂರುತ್ತದೆ, ಶಾಖಕ್ಕೆ ಏನೋ ಬೇಯುತ್ತದೆ ಅನ್ನಿಸುತ್ತದೆ. ಎಲೆಯೊಳಗೆ ಏನೂ ಬೇಯುವುದಿಲ್ಲ. ಬೆಂದರೆ ಎಲೆ ಸಾಯುತ್ತದೆ.

ನಮ್ಮ ಸಿಮೆಂಟಿನ ಕಣ ನೋಡು. ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಿಡಲು ಆಗುವುದಿಲ್ಲ, ಅಷ್ಟು ಬಿಸಿಲು ಕುಡಿದಿರುತ್ತದೆ. ರಾತ್ರಿ ಊಟ ಮುಗಿಸಿ ಹೋಗಿ ಮುಟ್ಟಿದರೆ ತಣ್ಣಗೆ. ಹಗಲೆಲ್ಲ ಹಿಡಿದದ್ದು ಕೈಬಿಟ್ಟು ಹೋಗಿದೆ. ಬೆಳಕು ಹಿಡಿಯುವುದು ದೊಡ್ಡ ಕೆಲಸವಲ್ಲ. ಸಿಮೆಂಟೂ ಹಿಡಿಯುತ್ತದೆ, ತಾರಿನ ರಸ್ತೆಯೂ ಹಿಡಿಯುತ್ತದೆ. ಹಿಡಿದದ್ದು ಜಾರಿಹೋಗದಂತೆ ನೋಡಿಕೊಳ್ಳುವುದೊಂದೇ ಎಲೆಯ ಕಸುಬು. ನಿನ್ನ 'ಪರಿವರ್ತನೆ' ಅಂದರೆ ಅದು.

ಅದನ್ನು ಕಣ್ಣಾರೆ ನೋಡಬಹುದು. ಎಲೆಯನ್ನು ಸ್ಪಿರಿಟ್‌ನಲ್ಲಿ ಬಿಸಿಮಾಡಿ ಹಸಿರು ಬಿಡಿಸುವ ಪ್ರಯೋಗ ನೀನೂ ಮಾಡಿರುತ್ತೀ. ಸ್ಪಿರಿಟ್ ಇರುವ ಪ್ರನಾಳವನ್ನು ಬಿಸಿನೀರಿನ ಬೀಕರಿನಲ್ಲಿಟ್ಟೇ ಕಾಯಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಹುಮ್ಮಸ್ಸಿನಲ್ಲಿ ನೇರ ಜ್ವಾಲೆಗೇ ಹಿಡಿದೆ. ಭಗ್ಗೆಂದಿತು, ಸೆರಗು ಒಂದು ಗೇಣು ಹೋಯಿತು. ಹಿಂದಿನ ಬೆಂಚಿನ ಹುಡುಗ ನೀರಿನ ಮಗ್ ತಂದು ನನ್ನ ತಲೆಗೇ ಸುರಿದ. ಆ ವರ್ಷ ಪೂರ್ತಿ ಮಕ್ಕಳಿಗೆ ನೆನಪಿದ್ದದ್ದು ಅದೊಂದೇ ಪಾಠ. ಇರಲಿ. ಹಾಗೆ ಬಿಡಿಸಿದ ಹಸಿರು ದ್ರಾವಣವನ್ನು ಕತ್ತಲೆ ಕೋಣೆಯಲ್ಲಿಟ್ಟು, ನೋಟು ಅಸಲಿಯೋ ನಕಲಿಯೋ ನೋಡುವ ಅಂಗಡಿಯವರ ನೇರಳೆ ಟಾರ್ಚನ್ನು ಅದಕ್ಕೆ ಹಿಡಿದು ಪಕ್ಕದಿಂದ ನೋಡು. ಹಸಿರು ರಸ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತದೆ!

ಯಾಕೆ ಅಂದರೆ, ಪತ್ರಹರಿತ್ತಿನ, ಅಂದರೆ ಆ ಹಸಿರು ಬಣ್ಣದ, ಅಣುವಿಗೆ ಬೆಳಕು ಬಡಿದಾಗ ಅದರೊಳಗಿನ ಒಂದು ಇಲೆಕ್ಟ್ರಾನ್ ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಮೆಣಸು ಕೊಯ್ಯುವವನು ಏಣಿಯ ತುದಿಗೆ ಹೋದ ಹಾಗೆ. ಆದರೆ ಅಲ್ಲಿ ಅದು ನಿಲ್ಲುವುದು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಯಾರಾದರೂ ಕೈಹಿಡಿದು ಎಳೆದುಕೊಳ್ಳದಿದ್ದರೆ ಜಾರಿ ಕೆಳಗೆ ಬೀಳುತ್ತದೆ. ಬಿದ್ದ ಸದ್ದೇ ಆ ಕೆಂಪು ಬೆಳಕು ಅನ್ನು, ಇಲ್ಲವೇ ಒಂದಿಷ್ಟು ಶಾಖ. ಸ್ಪಿರಿಟ್‌ನಲ್ಲಿ ಪತ್ರಹರಿತ್ತು ಒಂಟಿ, ಕೈಹಿಡಿಯುವವರಿಲ್ಲ. ಜೀವಂತ ಎಲೆಯಲ್ಲಿ ಅದರ ಪಕ್ಕದಲ್ಲೇ ಕೈಚಾಚಿ ನಿಂತವರು ಇದ್ದಾರೆ. ಇಲೆಕ್ಟ್ರಾನ್ ಏರಿದ ಕೂಡಲೇ ಒಬ್ಬರು ಎಳೆದುಕೊಂಡು ಇನ್ನೊಬ್ಬರಿಗೆ ದಾಟಿಸುತ್ತಾರೆ, ಅವರು ಮುಂದಿನವರಿಗೆ. ಅಷ್ಟರಲ್ಲಿ ಹಿಂದೆ ಬೀಳಲಾಗದಷ್ಟು ದೂರ ಹೋಗಿರುತ್ತದೆ. ಬೆಳಕು ರಾಸಾಯನಿಕ ಶಕ್ತಿಯಾಯಿತು ಅನ್ನುವ ಗಳಿಗೆ ಇದೇ. ಉಳಿದದ್ದೆಲ್ಲ ಅದನ್ನು ಹೊತ್ತು ಸಾಗಿಸಿ ಗೋದಾಮಿಗೆ ಹಾಕುವ ಕೆಲಸ.

ಇಲೆಕ್ಟ್ರಾನ್ ಕಳೆದುಕೊಂಡ ಪತ್ರಹರಿತ್ತಿಗೆ ಬದಲಿ ಬೇಕಲ್ಲ? ಅದನ್ನು ಅದು ನೀರಿನಿಂದ ಕಸಿಯುತ್ತದೆ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಪರಮಾಣು ಇರುವ ಒಂದು ಪುಟ್ಟ ಗಂಟು ಎರಡು ನೀರಿನ ಅಣುಗಳಿಂದ ಒಂದೊಂದಾಗಿ ನಾಲ್ಕು ಇಲೆಕ್ಟ್ರಾನ್ ಕೀಳುತ್ತದೆ. ಉಳಿಯುವ ಆಮ್ಲಜನಕ ಗಿಡಕ್ಕೆ ಬೇಡವಾದದ್ದು, ಹೊರಗೆ ಬಿಡುತ್ತದೆ. ನಾವು ಉಸಿರಾಡುವುದು ಆ ಕಸವನ್ನು. ಅದು ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದಲೇ ಬರುವುದು ಎಂಬುದನ್ನು 1941ರಲ್ಲಿ ರೂಬೆನ್, ಕೇಮನ್ ಮತ್ತು ಜೊತೆಯವರು ಮಾಮೂಲಿಗಿಂತ ಭಾರವಾದ ಆಮ್ಲಜನಕ ಇರುವ ನೀರು ಕೊಟ್ಟು ತೋರಿಸಿದರು. ನಿನ್ನ ಸಮೀಕರಣದಲ್ಲಿ ಇದು ಕಾಣುವುದಿಲ್ಲ, ನೋಡು. ಅದಕ್ಕೇ ಸಮೀಕರಣ ಬರೆದು ಕೈತೊಳೆದುಕೊಳ್ಳಬಾರದು ಅನ್ನುವುದು.

ಮುಂದೆ ಏನು? ಇಲೆಕ್ಟ್ರಾನ್ ಕೈಯಿಂದ ಕೈಗೆ ದಾಟುವಾಗ ಒಂದು ಪೊರೆಯ ಒಳಗಡೆ ಹೈಡ್ರೋಜನ್ ಅಯಾನುಗಳು ತುಂಬಿಕೊಳ್ಳುತ್ತವೆ, ಕಟ್ಟೆಯ ಹಿಂದೆ ನೀರು ನಿಂತ ಹಾಗೆ. ನಮ್ಮ ಮಲೆನಾಡಿನ ಕಡೆ ತೊರೆಯ ನೀರನ್ನು ಪೈಪಿನಲ್ಲಿ ಇಳಿಸಿ, ಚಿಕ್ಕ ಟರ್ಬೈನ್ ತಿರುಗಿಸಿ ಮನೆಗೆ ಕರೆಂಟು ಮಾಡಿಕೊಂಡವರು ಇದ್ದಾರಲ್ಲ, ಪೊರೆಯಲ್ಲೂ ಅಂಥದೊಂದು ಇದೆ. ಇದು ಹೋಲಿಕೆಗೆ ಹೇಳಿದ್ದಲ್ಲ, ಎಟಿಪಿ ಸಿಂಥೇಸ್ ಎಂಬ ಆ ಪ್ರೋಟೀನು ನಿಜಕ್ಕೂ ಗಿರಗಿರನೆ ತಿರುಗುತ್ತದೆ. ಪಾಲಕ್ ಸೊಪ್ಪಿನಲ್ಲಿ 14 ಅಯಾನು ನುಗ್ಗಿದರೆ ಒಂದು ಸುತ್ತು, ಒಂದು ಸುತ್ತಿಗೆ ಮೂರು ಎಟಿಪಿ, ಅಂದರೆ ಶಕ್ತಿ ಹೊರುವ ಪುಟ್ಟ ಅಣು. ಈ ಯಂತ್ರದ ಗುಟ್ಟು ಬಿಡಿಸಿದ್ದಕ್ಕೆ ಬಾಯರ್ ಮತ್ತು ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಬಂತು. ಇಲೆಕ್ಟ್ರಾನ್ ಮಾತ್ರ ದಾರಿಯಲ್ಲಿ ಇನ್ನೊಂದು ಸಲ ಬೆಳಕಿನ ಪೆಟ್ಟು ತಿಂದು, ಕೊನೆಗೆ ಎನ್‌ಎಡಿಪಿಎಚ್ ಎಂಬ ಅಣುವಿನ ಹೆಗಲೇರುತ್ತದೆ.

ಈ ಎಟಿಪಿಯೂ ಎನ್‌ಎಡಿಪಿಎಚ್ಚೂ ಬಟವಾಡೆ ದಿನದ ಚಿಲ್ಲರೆ ಇದ್ದ ಹಾಗೆ, ಕೂಡಿಡಲು ಬರುವುದಿಲ್ಲ, ಆಗಲೇ ಖರ್ಚಾಗಬೇಕು. ಅವನ್ನು ಖರ್ಚು ಮಾಡಿ, ಗಾಳಿಯಿಂದ ಬಂದ ಇಂಗಾಲವನ್ನು ಸಕ್ಕರೆಗೆ ಸೇರಿಸುವುದು ಕ್ಯಾಲ್ವಿನ್ ಚಕ್ರ. ಆರು ಇಂಗಾಲದ ಒಂದು ಗ್ಲೂಕೋಸಿನ ಲೆಕ್ಕಕ್ಕೆ 18 ಎಟಿಪಿ, 12 ಎನ್‌ಎಡಿಪಿಎಚ್ ಕೊಡಬೇಕು. ಈ ಚಕ್ರವನ್ನು ಕಂಡುಹಿಡಿದ ರೀತಿ ಚೆನ್ನಾಗಿದೆ. ಅಮೆರಿಕದ ಬರ್ಕ್ಲಿಯಲ್ಲಿ ಕ್ಯಾಲ್ವಿನ್, ಬೆನ್ಸನ್, ಬ್ಯಾಷಮ್ ಎಂಬುವರು ಪಾಚಿಗೆ ವಿಕಿರಣ ಸೂಸುವ ಇಂಗಾಲ ಉಣಿಸಿ, ಕೆಲವೇ ಸೆಕೆಂಡಿನಲ್ಲಿ ಅದನ್ನು ಬಿಸಿ ಸ್ಪಿರಿಟ್‌ಗೆ ಬೀಳಿಸುತ್ತಿದ್ದರು. ಪಾಚಿ ಸತ್ತ ಗಳಿಗೆಯಲ್ಲಿ ಇಂಗಾಲ ಯಾವ ಅಣುವಿನಲ್ಲಿತ್ತೋ ಅಲ್ಲೇ ಸಿಕ್ಕಿಬೀಳುತ್ತಿತ್ತು. 1961ರ ನೊಬೆಲ್ ಕ್ಯಾಲ್ವಿನ್ ಒಬ್ಬರಿಗೇ ಹೋಯಿತು. ಬೆನ್ಸನ್ ಅವರ ಹೆಸರನ್ನೂ ಸೇರಿಸಿ 'ಕ್ಯಾಲ್ವಿನ್–ಬೆನ್ಸನ್ ಚಕ್ರ' ಅಂತ ಬರಿ. ಮಾರ್ಕ್ಸ್ ಕಡಿಮೆಯಾಗುವುದಿಲ್ಲ, ನ್ಯಾಯವೂ ಆಗುತ್ತದೆ.

ಇಷ್ಟಾದ ಮೇಲೆ ಸಕ್ಕರೆ ಪಿಷ್ಟವಾಗುತ್ತದೆ, ಮರವಾಗುತ್ತದೆ, ಕಾಫಿ ಬೀಜವಾಗುತ್ತದೆ. ಕಣದ ಬಿಸಿಲು ಸಂಜೆಗೆ ಹೋಯಿತು. ಎಲೆ ಹಿಡಿದ ಬಿಸಿಲು ಮೂವತ್ತು ವರ್ಷದ ಓಕ್ ದಿಮ್ಮಿಯಲ್ಲಿ ಮಿಲ್ಲಿಗೆ ಹೋಗುವವರೆಗೂ ಹಾಗೇ ಕೂತಿರುತ್ತದೆ.

ಪ್ರಶ್ನೆ: ರಾತ್ರಿ ಮರದ ಕೆಳಗೆ ಮಲಗಿದರೆ ಇಂಗಾಲದ ಡೈಆಕ್ಸೈಡಿನಿಂದ ಪ್ರಾಣಕ್ಕೆ ಅಪಾಯ ಅನ್ನುತ್ತಾರೆ. ಅರಳಿಮರ ಮಾತ್ರ ರಾತ್ರಿಯೂ ಆಮ್ಲಜನಕ ಕೊಡುತ್ತದಂತೆ. ಹೌದೇ?
(ಗೃಹಿಣಿ, ಸಿದ್ದಾಪುರ)

ಉತ್ತರ: ಎರಡೂ ಅಲ್ಲ. ಗಿಡ ಹಗಲೂ ರಾತ್ರಿಯೂ ನಮ್ಮ ಹಾಗೆ ಉಸಿರಾಡುತ್ತದೆ ನಿಜ. ಬಯಲ ಗಾಳಿಯಲ್ಲಿ ಆ ಮರ ಬಿಡುವುದಕ್ಕಿಂತ ಪಕ್ಕದಲ್ಲಿ ಗೊರಕೆ ಹೊಡೆಯುವವರನ್ನು ಹೆಚ್ಚು ಲೆಕ್ಕಕ್ಕೆ ಹಿಡಿಯಬೇಕು. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಅರಳಿಯ ಮಾತೂ ಅಷ್ಟೆ: ಬೆಳಕಿಲ್ಲದೆ ನೀರು ಒಡೆಯುವುದಿಲ್ಲ, ನೀರು ಒಡೆಯದೆ ಆಮ್ಲಜನಕ ಬರುವುದಿಲ್ಲ. ಕತ್ತಾಳೆ, ಅನಾನಸ್‌ನಂಥ ಗಿಡಗಳು ನೀರು ಉಳಿಸಲು ರಾತ್ರಿ ಪತ್ರರಂಧ್ರ (ಎಲೆಯ ಪುಟ್ಟ ಬಾಯಿ) ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಂಡು ಹುಳಿಯ ರೂಪದಲ್ಲಿ ಇಟ್ಟುಕೊಳ್ಳುತ್ತವೆ, ಆದರೆ ಅವೂ ಆಮ್ಲಜನಕ ಬಿಡಲು ಬೆಳಗಾಗಬೇಕು. ಅದಿರಲಿ, ನಿಮ್ಮ ಸಿದ್ದಾಪುರದ ಕಡೆ ರಾತ್ರಿ ಮರದಡಿ ಮಲಗಬಾರದು ಎನ್ನುವುದಕ್ಕೆ ಆನೆ ಸಾಲದೇ?

ಪ್ರಶ್ನೆ: ಬಿಸಿಲೇ ಗಿಡದ ಆಹಾರ ಅಂದಮೇಲೆ ಮರಗಸಿ ಮಾಡಿಸಿ ನೆರಳು ಪೂರ್ತಿ ತೆಗೆದರೆ ಅರೇಬಿಕಾ ಹೆಚ್ಚು ಬರಬೇಕಲ್ಲ? ಪಕ್ಕದ ತೋಟದವರು ಹಾಗೇ ಹೇಳುತ್ತಿದ್ದಾರೆ. ಬ್ರೆಜಿಲ್‌ನಲ್ಲಿ ಮರವೇ ಇಲ್ಲವಂತೆ.
(ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಮೊದಲು ನನ್ನ ಕಥೆ ಕೇಳಿ, ಆಮೇಲೆ ಶಾಸ್ತ್ರ. ಮೆಣಸಿನ ದರ ಬಿದ್ದು ಕೈ ಬಿಗಿಯಾಗಿದ್ದ ಒಂದು ವರ್ಷ ನಾನೂ ಇದೇ ಲೆಕ್ಕ ಹಾಕಿ, ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಹಾಲುವಾಣ, ಅತ್ತಿ ಎಲ್ಲ ಬೋಳು ಮಾಡಿಸಿದೆ. ಜೀವಶಾಸ್ತ್ರದ ಟೀಚರ್ ಅಲ್ಲವೇ, ಯಾರ ಮಾತೂ ಕೇಳಲಿಲ್ಲ. ಮರುವರ್ಷ ಹೂವು ಬಂತು ನೋಡಿ, ಗಿಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ಕಾಣದ ಹಾಗೆ! ಫಸಲೂ ಬಂತು. ಅದರ ಮರುವರ್ಷ ರೆಕ್ಕೆಗಳು ತುದಿಯಿಂದ ಒಣಗುತ್ತ ಬಂದವು, ಎಲೆ ಉದುರಿ ಗಿಡ ಅಸ್ಥಿಪಂಜರ. ಬಿಳಿ ಕಾಂಡಕೊರಕ ಹುಳು ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿಕೊಂಡು ಬಂತು. ಆ ಅರ್ಧ ಎಕರೆಯಲ್ಲಿ ಎಷ್ಟು ಗಿಡ ಕಿತ್ತು ಸುಟ್ಟೆ ಅಂತ ಹೇಳಲು ಈಗಲೂ ಮನಸ್ಸಿಲ್ಲ.

ಆದದ್ದೇನು? ಅರೇಬಿಕಾ ಇಥಿಯೋಪಿಯದ ಎತ್ತರದ ಕಾಡಿನ ಗಿಡ, ದೊಡ್ಡ ಮರಗಳ ಕೆಳಗೆ ಹುಟ್ಟಿ ಬೆಳೆದದ್ದು. ಮೇಲಿನ ಉತ್ತರದಲ್ಲಿ ಇಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸುವವರ ವಿಷಯ ಹೇಳಿದೆನಲ್ಲ, ಕಾಫಿ ಎಲೆಯಲ್ಲಿ ಆ ಕೈಗಳು ಕಮ್ಮಿ. ನಡುಮಧ್ಯಾಹ್ನದ ಬಿಸಿಲಿನ ಸುಮಾರು ಮೂರನೇ ಒಂದು ಪಾಲು ಬಿದ್ದರೆ ಆ ಎಲೆಗೆ ಕೈತುಂಬ ಕೆಲಸ. ಅದಕ್ಕಿಂತ ಹೆಚ್ಚು ಬಿದ್ದ ಬೆಳಕನ್ನು ಅದು ಬಳಸುವುದಿಲ್ಲ, ಶಾಖವಾಗಿ ಹೊರಗೆ ಚೆಲ್ಲಲು ನೋಡುತ್ತದೆ. ಚೆಲ್ಲಿ ಮುಗಿಯದಿದ್ದರೆ ಆ ಶಕ್ತಿ ಅಲ್ಲೇ ಇರುವ ಆಮ್ಲಜನಕಕ್ಕೆ ತಗುಲಿ, ಕೆರಳಿದ ಆಮ್ಲಜನಕ ಎಲೆಯ ಒಳಭಾಗವನ್ನೇ ಸುಡುತ್ತದೆ. ಮಾರ್ಚಿನಲ್ಲಿ ಬಯಲಿಗೆ ಬಿದ್ದ ಗಿಡದ ಎಲೆ ಬಿಳಿಚಿಕೊಂಡು ಕಂದು ಕಲೆಯಾಗುವುದು ಇದರಿಂದ. ಇದರ ಜೊತೆಗೆ, ಒಣಗಾಳಿಯಲ್ಲಿ ನೀರು ಹೋಗದಿರಲೆಂದು ಕಾಫಿ ಗಿಡ ಮಧ್ಯಾಹ್ನದ ಹೊತ್ತಿಗೆ ಪತ್ರರಂಧ್ರ ಮುಚ್ಚಿಕೊಳ್ಳುತ್ತದೆ. ಬಾಗಿಲು ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಎಲ್ಲಿಂದ ಬರಬೇಕು? ತಲೆಯ ಮೇಲೆ ಬಿಸಿಲು ಸುರಿಯುತ್ತಿದೆ, ಒಳಗೆ ಕೈಕಟ್ಟಿ ಕೂತಿದೆ.

ಹಾಗಾದರೆ ಹೂವು ಯಾಕೆ ಹೆಚ್ಚು ಬಂತು ಅಂದಿರಾ? ಬೆಳಕು ಹೆಚ್ಚಾದರೆ ಕಾಫಿ ಮೊಗ್ಗು ಹೆಚ್ಚು ಕಟ್ಟುತ್ತದೆ, ಅದು ನಿಜ. ಆದರೆ ಕಟ್ಟಿದ ಕಾಯನ್ನೆಲ್ಲ ಅದು ಉದುರಿಸಿಕೊಳ್ಳುವುದಿಲ್ಲ, ಇರುವ ಎಲೆಗಳ ದುಡಿಮೆ ಸಾಲದಿದ್ದರೂ ಹಟ ಹಿಡಿದು ಸಾಕುತ್ತದೆ. ರೆಂಬೆಯಲ್ಲಿ, ಬೇರಿನಲ್ಲಿ ಕೂಡಿಟ್ಟ ಪಿಷ್ಟ ತೆಗೆದು ಕಾಯಿಗೆ ಕೊಡುತ್ತದೆ. ಆಮೇಲೆ ಬರಿಗೈ. ಬ್ರೆಜಿಲ್‌ನವರು ಬಯಲಲ್ಲಿ ಬೆಳೆಯುವುದು ಹೌದು, ಗಿಡ ಒತ್ತೊತ್ತಾಗಿ ಇಟ್ಟು ಒಂದರ ಎಲೆ ಇನ್ನೊಂದಕ್ಕೆ ನೆರಳಾಗುವ ಹಾಗೆ ಮಾಡಿ, ಗೊಬ್ಬರ ಸುರಿದು. ನಮ್ಮ ಇಳಿಜಾರಿನಲ್ಲಿ ಆ ಗೊಬ್ಬರ ಹಾಕಿದರೆ ಜುಲೈ ಮಳೆಗೆ ಕಾವೇರಿ ಸೇರುತ್ತದೆ.

ಹಿರಿಯರು ಮುಂಗಾರು ಹಿಡಿಯುವ ಹೊತ್ತಿಗೆ ಹಾಲುವಾಣದ ಕೊಂಬೆ ಇಳಿಸುತ್ತಿದ್ದರಲ್ಲ, ಅದರಲ್ಲಿ ಲೆಕ್ಕ ಇದೆ. ಮೋಡದ ಮೂರು ತಿಂಗಳು ಬೆಳಕು ಬೇಕು, ಆಗ ಕೊಂಬೆ ಇಲ್ಲ. ಬೇಸಿಗೆಗೆ ತಡೆ ಬೇಕು, ಅಷ್ಟು ಹೊತ್ತಿಗೆ ಹೊಸ ಕೊಂಬೆ ಬಂದಿರುತ್ತದೆ. ರೋಬಸ್ಟಾಗೆ ನೆರಳು ಇನ್ನೂ ತೆಳ್ಳಗಿದ್ದರೆ ನಡೆಯುತ್ತದೆ, ಅದರ ಲೆಕ್ಕ ಬೇರೆ. ನಿಮ್ಮ ತೋಟಕ್ಕೆ ಎಷ್ಟು ಎಂಬುದನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಪಕ್ಕದ ತೋಟದವರನ್ನು ಮೂರನೇ ವರ್ಷ ಕೇಳಿ.

ಪ್ರಶ್ನೆ: ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಸೊಪ್ಪು ಹಸಿರು, ಬೇಯಿಸಿದ ನೀರು ಕಡುನೇರಳೆ. ಪತ್ರಹರಿತ್ತು ಎಲ್ಲಿ ಹೋಯಿತು?
(ಓದುಗರು, ನಾಪೋಕ್ಲು)

ಉತ್ತರ: ಎಲ್ಲೂ ಹೋಗಿಲ್ಲ, ಸೋಸಿ ಬಿಸಾಡಿದ ಸೊಪ್ಪಿನಲ್ಲೇ ಇದೆ. ಪತ್ರಹರಿತ್ತು ನೀರಿಗೆ ಬಿಡುವುದಿಲ್ಲ, ಎಣ್ಣೆಗೋ ಸ್ಪಿರಿಟ್‌ಗೋ ಬಿಡುತ್ತದೆ. ಬಸಳೆ ಬೇಯಿಸಿದ ನೀರು ಎಲೆಯಷ್ಟು ಹಸಿರಾಗಿರುವುದಿಲ್ಲ, ಆದರೆ ಹಸಿರುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಎಣ್ಣೆ ಹಸಿರಾಗುತ್ತದೆ, ಗಮನಿಸಿ. ಮದ್ದುಸೊಪ್ಪಿನ ನೇರಳೆ ಬೇರೆಯೇ ಬಣ್ಣ, ನೀರಿಗೆ ಬಿಡುವಂಥದ್ದು. ಎಲೆಯಲ್ಲಿದ್ದಾಗ ಅದು ಕಣ್ಣಿಗೆ ಬೀಳುವುದಿಲ್ಲ. ಅದು ಬೆಳಕು ಹಿಡಿಯುವ ಕೆಲಸದ್ದೂ ಅಲ್ಲ. ಮರುದಿನ ಬಚ್ಚಲಲ್ಲಿ ಮೂತ್ರ ಕೆಂಪಗೆ ಕಂಡು ಗಾಬರಿಯಾಗುವ ಹೊಸ ಅಳಿಯಂದಿರಿಗೂ ಇದನ್ನೇ ಹೇಳಿ. ನೀರಿಗೆ ಬಿಡುವ ಬಣ್ಣ ನೀರಿನ ದಾರಿಯಲ್ಲೇ ಹೋಗುತ್ತದೆ.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಸೂರ್ಯನ ಮುಖವೇ ಕಾಣುವುದಿಲ್ಲ. ಬಟ್ಟೆ ಒಣಗುವುದಿಲ್ಲ. ಆದರೂ ಗದ್ದೆ ಹಸಿರಾಗಿಯೇ ಇರುತ್ತದಲ್ಲ, ಹೇಗೆ?
(ಕೃಷಿಕರು, ಭಾಗಮಂಡಲ)

ಉತ್ತರ: ಬಟ್ಟೆಗೆ ಬೇಕಾದದ್ದು ಒಣಗಾಳಿ ಮತ್ತು ಶಾಖ, ಎಲೆಗೆ ಬೇಕಾದದ್ದು ಬೆಳಕು. ದಟ್ಟ ಮೋಡದ ದಿನವೂ ನೀವು ಅಂಗಳದಲ್ಲಿ ನಿಂತು ಈ ಪುಟ ಓದಬಹುದು. ಅಷ್ಟು ಬೆಳಕಿದ್ದರೆ ಎಲೆಯ ಕೆಲಸ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಇನ್ನೊಂದು ವಿಷಯ, ಮೋಡದ ಬೆಳಕು ಒಂದೇ ದಿಕ್ಕಿನಿಂದ ಬರುವುದಿಲ್ಲ, ಎಲ್ಲ ಕಡೆಯಿಂದ ಸೋರುತ್ತದೆ. ಮೇಲಿನ ಎಲೆಯ ನೆರಳು ಕೆಳಗಿನದರ ಮೇಲೆ ಗಟ್ಟಿಯಾಗಿ ಬೀಳುವುದಿಲ್ಲ, ಹಾಗಾಗಿ ಬುಡದ ಎಲೆಗೂ ಒಂದಿಷ್ಟು ಸಿಗುತ್ತದೆ.

ಆದರೆ ಮಳೆಗಾಲದ ದುಡಿಮೆ ಹೊಟ್ಟೆಬಟ್ಟೆಗೆ ಸರಿಯಾಗುವಂಥದ್ದು. ಗಿಡ ಉಸಿರಾಟಕ್ಕೆ ಸುಡುವ ಸಕ್ಕರೆಯನ್ನು ಕಳೆದರೆ ಉಳಿತಾಯ ಕಡಿಮೆ. ನಾಟಿ ಮಾಡಿದ ಪೈರು ಆ ದಿನಗಳಲ್ಲಿ ತೆಂಡೆಯೊಡೆದು ಎಲೆ ಮಾಡಿಕೊಳ್ಳುತ್ತದೆ, ಅಷ್ಟೆ. ಕಾಳು ತುಂಬುವ ದುಡಿಮೆ ದೊಡ್ಡ ಪಾಲು ನಡೆಯುವುದು ಕದಿರು ಬಂದ ಮೇಲೆ, ಮೇಲಿನ ಎರಡು ಮೂರು ಎಲೆಗಳಲ್ಲಿ, ಕಾವೇರಿ ಸಂಕ್ರಮಣ ಕಳೆದು ಆಕಾಶ ತೊಳೆದ ಹಾಗೆ ಇರುವಾಗ. ಆ ಬಿಸಿಲಿನಲ್ಲೇ ಪುತ್ತರಿ ಹಬ್ಬದ ಕದಿರು ತೂಗುವುದು. ಆ ತಿಂಗಳಲ್ಲಿ ಮೇಲಿನ ಎಲೆಗೆ ರೋಗ ಬಿದ್ದರೆ ಜೊಳ್ಳು ಹೆಚ್ಚುವುದು ಇದರಿಂದಲೇ.

ಕಾಫಿಗೆ ಮಳೆಗಾಲದಲ್ಲಿ ಕೊಳೆರೋಗದ ಕಾಟ. ಆ ಬೂಷ್ಟಿನ ಶಾಸ್ತ್ರೀಯ ಹೆಸರೇ ಕೊಳೆರೋಗ, ಗೊತ್ತೇ? ಲ್ಯಾಟಿನ್ ಹೆಸರುಗಳ ನಡುವೆ ನಮ್ಮ ಮಾತು ಹಾಗೇ ಹೋಗಿ ಕೂತುಬಿಟ್ಟಿದೆ. ಪಾಠದಲ್ಲಿ ಇದು ಬಂದಾಗ ಮಕ್ಕಳಿಗೆ ಹೆಸರು ಬಾಯಿಪಾಠ ಮಾಡಿಸುವ ಕಷ್ಟವೇ ಇರಲಿಲ್ಲ.

ಪ್ರಶ್ನೆ: ಕಾಫಿಯ ಹಳೆಯ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಯೂರಿಯಾ ಹಾಕಲೇ?
(ಬೆಳೆಗಾರರು, ಶನಿವಾರಸಂತೆ)

ಉತ್ತರ: ಸ್ವಲ್ಪ ತಡೆಯಿರಿ. ಪತ್ರಹರಿತ್ತಿನ ಅಣುವಿನ ನಡುಮಧ್ಯೆ ಒಂದು ಮೆಗ್ನೀಸಿಯಂ ಇರುತ್ತದೆ. ಅದು ಕಮ್ಮಿಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸುತ್ತದೆ. ನೀವು ಹೇಳುವ ಲಕ್ಷಣ ಅದರದ್ದೇ ಇರಬೇಕು. ಇದೇ ಹಳದಿ ಚಿಗುರಲ್ಲಿ ಕಂಡಿದ್ದರೆ ಕಬ್ಬಿಣ ಅನ್ನುತ್ತಿದ್ದೆ. ಮಣ್ಣು ಪರೀಕ್ಷೆ ಮಾಡಿಸಿ. ಹುಳಿ ಮಣ್ಣಾದರೆ ಡೋಲೋಮೈಟ್ ಸುಣ್ಣ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ.

ಪ್ರಶ್ನೆ: ನಮ್ಮ ಮನೆಯ ಸೋಲಾರ್ ಪ್ಯಾನಲ್ ಬಿಸಿಲಿನ ನೂರಕ್ಕೆ 20 ಪಾಲು ಕರೆಂಟು ಮಾಡುತ್ತದೆ. ಎಲೆ ನೂರಕ್ಕೆ ಒಂದು ಪಾಲೂ ಉಳಿಸುವುದಿಲ್ಲ ಎಂದು ಓದಿದೆ. ಇಷ್ಟು ಕೋಟಿ ವರ್ಷದಲ್ಲಿ ಕಲಿತದ್ದು ಇಷ್ಟೇನಾ?
(ನಿವೃತ್ತ ಇಂಜಿನಿಯರ್, ಮಡಿಕೇರಿ)

ಉತ್ತರ: ಲೆಕ್ಕ ಸರಿಯಾಗಿದೆ ಸಾರ್. ಭತ್ತ, ಕಾಫಿಯಂಥ ಗಿಡಗಳಿಗೆ ಎಲ್ಲವೂ ಕೂಡಿಬಂದರೂ ನೂರಕ್ಕೆ ಐದು ಪಾಲು ದಾಟುವುದಿಲ್ಲ, ಮುಸುಕಿನ ಜೋಳ ಸ್ವಲ್ಪ ವಾಸಿ. ವರ್ಷದ ಲೆಕ್ಕ ಹಾಕಿದರೆ ಹೊಲದಲ್ಲಿ ಒಂದರ ಆಸುಪಾಸು. ತಪ್ಪಿನಲ್ಲಿ ಒಂದು ಪಾಲು ರುಬಿಸ್ಕೋ ಎಂಬ ಕಿಣ್ವದ್ದು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕೆಲಸ ಅದರದ್ದು, ಸೆಕೆಂಡಿಗೆ ಹಿಡಿಯುವುದು ಬೆರಳೆಣಿಕೆ. ಅದರಲ್ಲೂ ಆಗಾಗ ಇಂಗಾಲದ ಡೈಆಕ್ಸೈಡ್ ಎಂದುಕೊಂಡು ಆಮ್ಲಜನಕವನ್ನು ಹಿಡಿದು, ಆದ ಯಡವಟ್ಟು ಸರಿಪಡಿಸಲು ಗಿಡ ಮತ್ತೆ ಖರ್ಚು ಮಾಡಬೇಕು. ಆಳು ಸೋಮಾರಿಯಾದರೆ ಸಾಹುಕಾರರು ಏನು ಮಾಡುತ್ತಾರೆ? ಹೆಚ್ಚು ಆಳು ಇಡುತ್ತಾರೆ. ಎಲೆಯೂ ಅದನ್ನೇ ಮಾಡಿದೆ. ಭೂಮಿಯ ಮೇಲೆ ಅತಿ ಹೆಚ್ಚಿರುವ ಪ್ರೋಟೀನುಗಳ ಸಾಲಿನಲ್ಲಿ ರುಬಿಸ್ಕೋ ಮೊದಲಿಗೆ ನಿಲ್ಲುತ್ತದೆ.

ಆದರೆ ನಿಮ್ಮ ಪ್ಯಾನಲ್ ಕರೆಂಟು ಕೊಡುತ್ತದೆ, ಅದನ್ನು ಇಡಲು ಬೇರೆ ಬ್ಯಾಟರಿ ಬೇಕು. ಎಲೆಯ ಲೆಕ್ಕ ಗೋದಾಮಿಗೆ ಹಾಕಿದ ಮೇಲಿನದು. ಇನ್ನೂ ಒಂದಿದೆ: ಎಲೆಯಲ್ಲಿ ನೀರು ಒಡೆಯುವ ಜಾಗದಲ್ಲಿ ಡಿ1 ಎಂಬ ಪ್ರೋಟೀನಿದೆ, ಬೆಳಕಿನ ಪೆಟ್ಟಿಗೆ ಮೊದಲು ಹಾಳಾಗುವುದು ಅದೇ. ಬಿಸಿಲು ಜೋರಿದ್ದಾಗ ಅರ್ಧ ಗಂಟೆ, ಒಂದು ಗಂಟೆಗೆಲ್ಲ ಹಳೆಯದನ್ನು ಕಿತ್ತು ಹೊಸದು ಕೂರಿಸುತ್ತ ಇರುತ್ತದೆ, ಕೆಲಸ ನಿಲ್ಲಿಸದೆ. ನಮ್ಮ ಮನೆಯ ಸೋಲಾರ್ ವಾಟರ್ ಹೀಟರಿನ ಒಂದು ಗಾಜಿನ ಕೊಳವೆ ಹೋದ ವರ್ಷ ಆಗಸ್ಟಿನ ಗಾಳಿಗೆ ಓಕ್ ಕೊಂಬೆ ಬಿದ್ದು ಒಡೆಯಿತು. ರಿಪೇರಿಯವರು ನಾಳೆ ಬರುತ್ತೇನೆ ಅಂದಿದ್ದಾರೆ. ಇನ್ನೂ ಬಚ್ಚಲೊಲೆಯಲ್ಲೇ ನೀರು ಕಾಯಿಸುತ್ತಿದ್ದೇನೆ, ಅದೇ ಕೊಂಬೆ ಉರಿಸಿ.